ಬಲದ ಮಾತ್ರೆ

"ಅಂಗಿಯ ತೋಳು ಮಡಿಸು."

ಹುಡುಗಿ ಮಡಿಸಲಿಲ್ಲ. ಅಂಟು ಹಚ್ಚುವ ಬ್ರಷ್ಷನ್ನು ಕೈಯಲ್ಲಿ ಹಿಡಿದುಕೊಂಡೇ ಸೂಪರ್‌ವೈಸರನ ಮುಖ ನೋಡಿದಳು. ಅವಳ ಮುಂದೆ ಬೆಲ್ಟು ತನ್ನ ಪಾಡಿಗೆ ತಾನು ಓಡುತ್ತಿತ್ತು. ಶಾಲೆ ಮಕ್ಕಳ ಕಪ್ಪು ಶೂಗಳು ಒಂದರ ಹಿಂದೊಂದು ಅಡಿ ಇಲ್ಲದೆ ಬರುತ್ತಿದ್ದವು.

ಇನ್‌ಸ್ಪೆಕ್ಟರಮ್ಮ ಯಾರ ಅಪ್ಪಣೆಗೂ ಕಾಯಲಿಲ್ಲ. ಕಂಬದ ಮೇಲಿದ್ದ ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದಳು. ನಾಲ್ಕನೇ ಸಾಲು ಗಕ್ಕನೆ ನಿಂತಿತು. ಸೂಪರ್‌ವೈಸರ್ ಬಾಯಿ ತೆರೆಯುವಷ್ಟರಲ್ಲಿ ಅವನಿಗೆ ಬೆರಳು ತೋರಿಸಿದಳು. ಆ ಬೆರಳಿನಲ್ಲಿ ಏನಿತ್ತೋ, ಅವನು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡ.

ಸ್ಟೇಷನ್ನಿನಲ್ಲಿ ಅವಳಿಗೆ ಪಟಾಕಿ ಎಂದು ಹೆಸರು, ಬೆನ್ನ ಹಿಂದೆ. ಅವಳಿಗೂ ಅದು ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ಆದರೆ ಇವತ್ತಿನ ಸಿಟ್ಟು ದಿನದ ಸಿಟ್ಟಲ್ಲ. ಇವತ್ತು ಅರ್ಧ ಸಿಟ್ಟು ಅವಳಿಗೆ ಅವಳ ಮೇಲೇ ಇತ್ತು.

ನಾಲ್ಕು ದಿನದ ಹಿಂದೆ, ಇದೇ ಜಾಗದಲ್ಲಿ, ಈ ಹುಡುಗಿಯ ಅಕ್ಕ ನಿಂತಲ್ಲೇ ಕುಸಿದು ಸತ್ತಿದ್ದಳು. ಸತ್ತವಳ ಗಂಡ ಮೂರು ದಿನದಿಂದ ಲಾಕಪ್ಪಿನಲ್ಲಿದ್ದ. ಹೆಂಡತಿಗೆ ಹೊಡೆದು ಬಡಿದು ವಿಷ ಹಾಕಿ ಕೊಂದ ಅನ್ನುವುದು ಅವನ ಮೇಲಿನ ಆರೋಪ. "ಭಾವನೇ ಕೊಂದಿದ್ದು" ಎಂದು ಮೊದಲು ಬೆರಳು ಮಾಡಿದವಳು ಈ ಹುಡುಗಿ. ಅವನ ಕೈಗೆ ಕೋಳ ತೊಡಿಸಿದವಳು ಇನ್‌ಸ್ಪೆಕ್ಟರಮ್ಮ.

ಹುಡುಗಿ ಕೊನೆಗೂ ತೋಳು ಮಡಿಸಿದಳು. ಮುಂಗೈಯಿಂದ ಮೊಣಕೈವರೆಗೆ ನೀಲಿ, ನೇರಳೆ, ಹಳದಿ ಕಲೆಗಳು. ಹೆಣದ ಮೇಲೆ ಕಂಡವೂ ಇಂಥವೇ. ಬಣ್ಣವೂ ಅದೇ, ಜಾಗವೂ ಅದೇ.

"ನಿನಗೆ ಮದುವೆ ಆಗಿದೆಯಾ?"

"ಇಲ್ಲ ಮೇಡಂ."

"ಮತ್ತೆ ಯಾರು ಹೊಡೆದದ್ದು?"

"ಯಾರೂ ಇಲ್ಲ. ಟ್ರೇ ತಗುಲಿದ್ರೂ ಸಾಕು, ಹಿಂಗಾಗತ್ತೆ. ನಮಗೆಲ್ಲ ಹಿಂಗೇ."

"ನಿನಗೆ ಟ್ರೇ ತಗುಲಿದ್ರೆ ಟ್ರೇ. ಅಕ್ಕನಿಗೆ ಆದ್ರೆ ಮಾತ್ರ ಭಾವನ ಏಟು. ಅಲ್ವಾ?"

ಹುಡುಗಿ ಬ್ರಷ್ಷು ಕೆಳಗಿಟ್ಟಳು. ಸಾಯುವ ಹಿಂದಿನ ರಾತ್ರಿ ಅಕ್ಕ ಭಾವ ಇಬ್ಬರೂ ಕೂಗಾಡಿದ್ದರು, ಪಕ್ಕದ ಮನೆಯವರೆಲ್ಲ ಕೇಳಿಸಿಕೊಂಡಿದ್ದರು, ಭಾವ "ನುಂಗು, ನುಂಗು ಅಂದ್ರೆ ನುಂಗು" ಎಂದು ಅರಚುತ್ತಿದ್ದನಂತೆ, ಬೆಳಗಾದರೆ ಅಕ್ಕ ಸತ್ತಳು. ತಾನು ಇನ್ನೇನು ಅಂದುಕೊಳ್ಳಬೇಕಿತ್ತು ಎಂದು ಅತ್ತಳು. ಇನ್‌ಸ್ಪೆಕ್ಟರಮ್ಮ ಅವಳನ್ನು ಬೈಯಲು ಹೋಗಲಿಲ್ಲ. ಬೈಯುವ ಬಾಯಿ ತನಗಾದರೂ ಎಲ್ಲಿದೆ? ಮೈಮೇಲಿನ ಕಲೆ, ಆ 'ನುಂಗು', ಅವನ ಜೇಬಿನಲ್ಲಿ ಸಿಕ್ಕ ಹೆಸರಿಲ್ಲದ ಬಿಳಿ ಮಾತ್ರೆಗಳ ಪೊಟ್ಟಣ. ಮೂರನ್ನೂ ಸೇರಿಸಿ ಗಂಟು ಹಾಕಿ, ಕೇಸು ಮುಗೀತು ಅಂದವಳು ತಾನೇ ತಾನೆ.

ಅವಳು ತಲೆಯೆತ್ತಿ ಸಾಲಿನ ಉದ್ದಕ್ಕೂ ನೋಡಿದಳು.

ಇಪ್ಪತ್ತೆಂಟು ಹೆಂಗಸರು. ಎಲ್ಲರದೂ ದುಂಡು ಮುಖ, ಊದಿದ ಕೆಂಪು ಕೆನ್ನೆ, ಸಣಕಲು ಕೈಕಾಲು. ಒಬ್ಬಳೇ ತಾಯಿ ಹೆತ್ತ ಇಪ್ಪತ್ತೆಂಟು ಮಕ್ಕಳ ಹಾಗೆ ನಿಂತಿದ್ದರು. ಆದರೆ ಅವರ ಕೊರಳಲ್ಲಿ ನೇತಾಡುತ್ತಿದ್ದ ಗುರುತಿನ ಚೀಟಿಯ ಫೋಟೋಗಳಲ್ಲಿ ಇದ್ದವರೇ ಬೇರೆ: ಉದ್ದ ಮುಖ, ಚೂಪು ಗಲ್ಲ, ಒಬ್ಬೊಬ್ಬರದು ಒಂದೊಂದು ರೂಪ. ಸತ್ತವಳ ಅತ್ತೆ ಕೂಡ ಹೇಳಿದ್ದಳು, ಸೊಸೆ ಈ ಒಂದು ವರ್ಷದಿಂದ ಮೈಕೈ ತುಂಬಿಕೊಂಡು ಲಕ್ಷಣವಾಗಿದ್ದಳು ಎಂದು. ಕೇಳಿಸಿಕೊಂಡು ಬರೆದುಕೊಂಡಿದ್ದೂ ಆಗಿತ್ತು. ಬರೆದುಕೊಂಡರೆ ಸಾಕೇ, ತಲೆಗೆ ಹೋಗಬೇಡವೇ?

ಜೊತೆಗೆ ಬಂದಿದ್ದ ಮಹಿಳಾ ಪೇದೆಗೆ ಅವಳು ಅಪ್ಪಣೆ ಕೊಟ್ಟಳು. ಫ್ಯಾಕ್ಟರಿಯ ಬಸ್ಸು ಹೊರಡಿಸಬೇಕು, ಇಷ್ಟೂ ಜನರನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಈಗಲೇ. ಸೂಪರ್‌ವೈಸರ್ ಈಗ ತಡೆಯಲಾರದೆ ಬಾಯಿಬಿಟ್ಟ. ಸಂಜೆಯೊಳಗೆ ಲಾರಿ ತುಂಬಬೇಕು, ಸಾಲು ನಿಂತರೆ ತಾನು ಉತ್ತರ ಕೊಡಬೇಕು, ಇವರಿಗೆ ಏನೂ ಆಗಿಲ್ಲ, ಸ್ವಲ್ಪ ಟೆನ್ಷನ್ ಅಷ್ಟೇ ಎಂದ.

"ಇನ್ನೊಂದು ಸಲ ಟೆನ್ಷನ್ ಅಂದ್ರೆ ನಿನ್ನನ್ನೇ ಬೆಲ್ಟಿಗೆ ಹಾಕಿ ಅಡಿ ಅಂಟಿಸ್ತೀನಿ."

ಅವನು ಬಸ್ಸಿನ ಬೀಗದಕೈ ಹುಡುಕಲು ಓಡಿದ.

ಆ 'ಟೆನ್ಷನ್' ಅನ್ನುವ ಮಾತಿಗೇ ಅವಳಿಗೆ ರೋಸಿಹೋಗಿತ್ತು. ಸತ್ತವಳ ಮರಣದ ಚೀಟಿಯಲ್ಲಿ ಫ್ಯಾಕ್ಟರಿ ಡಾಕ್ಟರು ಬರೆದದ್ದೂ ಅದನ್ನೇ: ಮಾನಸಿಕ ಒತ್ತಡ, ಅದರಿಂದ ಹೃದಯಾಘಾತ. ಎರಡೇ ಸಾಲು, ಕೆಳಗೆ ಕೋಳಿ ಕೆದರಿದಂಥ ಸಹಿ. ಆದರೆ ಇವತ್ತು ಬೆಳಿಗ್ಗೆ ಶವಪರೀಕ್ಷೆ ಮಾಡಿದ ಡಾಕ್ಟರಮ್ಮ ಫೋನು ಮಾಡಿ ಬೇರೆಯೇ ಕಥೆ ಹೇಳಿದ್ದಳು. ಹೃದಯ ಗಟ್ಟಿಮುಟ್ಟಾಗಿತ್ತು. ಮೂತ್ರಪಿಂಡದ ನೆತ್ತಿಯ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಮಾತ್ರ ಒಣಗಿ ಸುಕ್ಕಾಗಿದ್ದವು. ಗಂಡನ ಜೇಬಿನ ಮಾತ್ರೆಯೂ ವಿಷವಲ್ಲ, ಸ್ಟಿರಾಯ್ಡ್. ಆ ಗ್ರಂಥಿ ಮಾಡುವ ಹಾರ್ಮೋನಿಗೆ ಔಷಧ ಕಾರ್ಖಾನೆಯಲ್ಲಿ ಮಾಡಿದ ಬದಲಿ.

ಇನ್‌ಸ್ಪೆಕ್ಟರಮ್ಮನಿಗೆ ಅರ್ಥವಾಗಿರಲಿಲ್ಲ. ಡಾಕ್ಟರಮ್ಮ ಬಿಡಿಸಿ ಹೇಳಿದಳು.

"ನಿಮ್ಮನೆಗೆ ದಿನಾ ಹೊರಗಿಂದ ಊಟ ಬರತ್ತೆ ಅಂತಿಟ್ಕೊಳ್ಳಿ. ಒಲೆ ಹಚ್ತೀರಾ? ಇಲ್ಲ. ವರ್ಷಗಟ್ಟಲೆ ಹಚ್ಚದೆ ಇದ್ರೆ ಒಲೆ ತುಕ್ಕು ಹಿಡಿಯತ್ತೆ. ಒಂದಿನ ಇದ್ದಕ್ಕಿದ್ದಂಗೆ ಊಟ ಬರೋದು ನಿಂತ್ರೆ? ಅವತ್ತೇ ಜ್ವರ, ಅವತ್ತೇ ಮನೆ ತುಂಬ ನೆಂಟರು. ಒಲೆ ಹತ್ತಲ್ಲ. ಅಷ್ಟೇ ಕಥೆ."

ಜ್ವರವೋ ಗಾಯವೋ ಭಯವೋ ಬಂದಾಗ ದೇಹಕ್ಕೆ ಆ ಹಾರ್ಮೋನು ಎಂದಿಗಿಂತ ಹೆಚ್ಚು ಬೇಕಂತೆ. ಅದು ಸಿಗದಿದ್ದರೆ ವಾಂತಿ, ತಲೆಸುತ್ತು, ರಕ್ತದೊತ್ತಡ ಪಾತಾಳಕ್ಕೆ, ಆಮೇಲೆ ಮನುಷ್ಯ ಎದ್ದೇಳುವುದಿಲ್ಲ. ಮುಖ ದುಂಡಗಾಗುವುದು, ಮುಟ್ಟಿದರೆ ಚರ್ಮ ಕಂದುವುದು, ಎಲ್ಲ ಆ ಮಾತ್ರೆಯ ಗುರುತುಗಳೇ. ಸಿಕ್ಕಾಪಟ್ಟೆ ತಿಂದವರಿಗೆ ಸಿಕ್ಕಾಪಟ್ಟೆ. ನಿಲ್ಲಿಸುವುದಾದರೆ ವಾರಗಟ್ಟಲೆ ಚೂರುಚೂರೇ ಇಳಿಸಬೇಕಂತೆ. ಫೋನು ಇಡುವ ಮುಂಚೆ ಡಾಕ್ಟರಮ್ಮ ಒಂದು ಪ್ರಶ್ನೆ ಕೇಳಿದ್ದಳು: ಇದನ್ನ ಇವಳಿಗೆ ವರ್ಷಗಟ್ಟಲೆ ತಿನ್ನಿಸಿದ್ದು ಯಾರು, ಒಂದೇ ಏಟಿಗೆ ನಿಲ್ಲಿಸಿದ್ದು ಯಾರು?

ಗಂಡನಿಗೆ ಅಷ್ಟು ಮಾತ್ರೆ ಎಲ್ಲಿಂದ ಬರಬೇಕು? ಅವನು ಗೋದಾಮಿನಲ್ಲಿ ಮೂಟೆ ಹೊರುವವನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆನಲ್ಲ ಎಂದು ಹಲ್ಲು ಕಚ್ಚಿಕೊಂಡೇ ಅವಳು ಅಂಗಳ ದಾಟಿ ಪ್ರಥಮ ಚಿಕಿತ್ಸೆಯ ಕೋಣೆಗೆ ನಡೆದಳು.

ಕೋಣೆಯಲ್ಲಿ ಫಿನಾಯಿಲ್ ವಾಸನೆ ಮೂಗಿಗೆ ಹೊಡೆಯಿತು. ಒಂದು ಮಂಚ, ಒಂದು ತಕ್ಕಡಿ, ಗಾಜಿನ ಬೀರು. ಬಿಳಿ ಕೋಟಿನ ಮುದುಕ ಬಗ್ಗಿ ಕೈತೊಳೆಯುವ ತೊಟ್ಟಿಯ ತೂತನ್ನು ಬ್ರಷ್ಷಿನಿಂದ ತಿಕ್ಕುತ್ತಿದ್ದ. ಇಪ್ಪತ್ತೆರಡು ವರ್ಷದಿಂದ ಇಲ್ಲಿರುವ ಈತನನ್ನು ಕೆಲಸದವರೆಲ್ಲ ಕಾಂಪೌಂಡರ್ ಮಾವ ಎನ್ನುತ್ತಿದ್ದರು. ಮೊನ್ನೆ ವಿಚಾರಣೆಗೆ ಬಂದಾಗ ಅವನು ಅವಳಿಗೆ ಟೀ ತರಿಸಿಕೊಟ್ಟು, ಸತ್ತವಳು ಬಹಳ ಒಳ್ಳೆಯ ಹೆಣ್ಣುಮಗಳು ಎಂದು ಕಣ್ಣು ಒರೆಸಿಕೊಂಡಿದ್ದ.

ಅವಳು ಬಾಗಿಲು ಹಾಕಿ ಚಿಲಕ ಸಿಕ್ಕಿಸಿದಳು. ಬೀರುವಿನಲ್ಲಿ ಬ್ಯಾಂಡೇಜು, ಅಯೋಡಿನ್, ತಲೆನೋವಿನ ಮಾತ್ರೆ, ಉಪ್ಪುಸಕ್ಕರೆಯ ಪುಡಿ; ಎಲ್ಲ ಸರಿಯಾಗಿಯೇ ಇತ್ತು. ಅವಳ ಕಣ್ಣು ಬೀರುವಿನ ಪಕ್ಕದ ಹಲಗೆಯ ಮೇಲೆ ನಿಂತಿತು. ಅಲ್ಲಿ ಸ್ಟೀಲಿನ ಚಿಕ್ಕ ಲೋಟಗಳು ಬೋರಲಾಗಿ ಸಾಲುಸಾಲಾಗಿ ಕೂತಿದ್ದವು. ಎಣಿಸಿದಳು. ಮೂವತ್ತು.

"ಮಾವ, ಗಾಯಕ್ಕೆ ಪಟ್ಟಿ ಕಟ್ಟೋ ಕೋಣೆಗೆ ಮೂವತ್ತು ಲೋಟ ಯಾಕೆ?"

"ನೀರು ಕುಡಿಯೋಕೆ ಬರ್ತಾರೆ ಮೇಡಂ."

"ಬಾಗಿಲಾಚೆ ನಲ್ಲಿ ಇದೆ."

"ಬಿಸಿನೀರು ಕೇಳ್ತಾರೆ ಕೆಲವರು."

"ಸಾಲಿಗೆ ಸಾಲೇ ಬಂದು ಒಟ್ಟಿಗೆ ಕೇಳ್ತಾರಾ?"

ಮುದುಕ ಬ್ರಷ್ಷನ್ನು ಕೆಳಗಿಟ್ಟ. ಕೋಟಿಗೆ ಕೈ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ತಾನು ಯಾರಿಗೂ ಕೆಟ್ಟದ್ದು ಮಾಡಿದವನಲ್ಲ ಎಂದು ತಾನಾಗಿಯೇ ಶುರುಮಾಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಅಂದರೆ ಇದೇ. ಅವಳು ಅದುವರೆಗೆ ಅವನಿಗೆ ಕೊಡುತ್ತಿದ್ದ ಮರ್ಯಾದೆಯನ್ನು ಅಲ್ಲೇ ಕಳಚಿಟ್ಟಳು.

"ಇಪ್ಪತ್ತೆಂಟು ಜನ ಈಗ ಬಸ್ಸು ಹತ್ತುತ್ತಿದ್ದಾರೆ, ಆಸ್ಪತ್ರೆಗೆ. ಅವರ ರಕ್ತ ಎಲ್ಲ ಹೇಳತ್ತೆ. ಅದಕ್ಕೆ ಮುಂಚೆ ನೀನು ಹೇಳಿದ್ರೆ ನಿನಗೇ ಒಳ್ಳೇದು. ಏನು ನುಂಗಿಸ್ತಿದ್ದೆ?"

ಮುದುಕ ಮಂಚದ ಮೇಲೆ ಕುಸಿದು ಕೂತ. ಆಮೇಲೆ ಕಟ್ಟೆ ಒಡೆದ ಹಾಗೆ ಎಲ್ಲ ಹೊರಬಂತು.

ಒಂದು ವರ್ಷ ಎರಡು ತಿಂಗಳ ಹಿಂದೆ ಶಾಲೆ ಶೂಗಳ ಆರ್ಡರು ದುಪ್ಪಟ್ಟಾಯಿತು. ಹತ್ತು ಗಂಟೆ ನಿಂತು ಮಾಡುವ ಕೆಲಸ. ಒಬ್ಬಳಿಗೆ ಸೊಂಟ, ಒಬ್ಬಳಿಗೆ ಮಂಡಿ, ಒಬ್ಬಳಿಗೆ ಅಂಟಿನ ವಾಸನೆಗೆ ದಮ್ಮು; ದಿನಕ್ಕೆ ನಾಲ್ಕೈದು ಜನ ರಜೆ. ಆಗ ಫ್ಯಾಕ್ಟರಿ ಡಾಕ್ಟರು ಒಂದು ಡಬ್ಬ ತಂದುಕೊಟ್ಟರು. ಬಲದ ಮಾತ್ರೆ ಅಂತ ಹೇಳು ಅಂದರು. ಚಹಾ ಬಿಡುವಿನಲ್ಲಿ ನಾಲ್ಕನೇ ಸಾಲು ಬಂದು ಇಲ್ಲಿ ನಿಲ್ಲಬೇಕು. ಮಾತ್ರೆಯನ್ನು ಕೈಗೆ ಕೊಡುವಂತಿಲ್ಲ. ಕಾಂಪೌಂಡರೇ ನಾಲಿಗೆಯ ಮೇಲಿಟ್ಟು, ನೀರು ಕುಡಿಸಿ, ಬಾಯಿ ಆ ಅನ್ನಿಸಿ ನೋಡಿ ಕಳಿಸಬೇಕು. ಕೈಗೆ ಕೊಟ್ಟರೆ ಈ ಹೆಂಗಸರು ತಾವು ನುಂಗುವುದಿಲ್ಲ, ಸೆರಗಿಗೆ ಕಟ್ಟಿಕೊಂಡು ಹೋಗಿ ಮನೆಯಲ್ಲಿ ನರಳುವವರಿಗೆ ಕೊಡುತ್ತಾರೆ ಅನ್ನುವುದು ಡಾಕ್ಟರ ಲೆಕ್ಕಾಚಾರ.

ವಾರದೊಳಗೆ ಎಲ್ಲರ ನೋವೂ ಮಂಗಮಾಯ. ಹಸಿವು ಹೆಚ್ಚಿತು, ಕೈ ಚುರುಕಾಯಿತು, ರಜೆ ನಿಂತಿತು. ಮಾವನ ಕೈಗುಣ ಅಂದರು. ಒಬ್ಬಳಂತೂ ಕಾಲಿಗೇ ಬಿದ್ದಳು ಎಂದು ಹೇಳುವಾಗ ಮುದುಕನ ದನಿಯಲ್ಲಿ ಇನ್ನೂ ಸ್ವಲ್ಪ ಹೆಮ್ಮೆ ಇತ್ತು. ಇನ್‌ಸ್ಪೆಕ್ಟರಮ್ಮನಿಗೆ ಅವನ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ನಿಲ್ಲಿಸಿದ್ದು ಯಾವಾಗ?"

"ಒಂಬತ್ತು ದಿನ ಆಯ್ತು. ಸರಕು ಕೊಳ್ಳೋ ಕಂಪನಿಯವರು ತಪಾಸಣೆಗೆ ಬರ್ತಾರೆ ಅಂತ ಸುದ್ದಿ ಬಂತು. ಸಂಜೆಯೊಳಗೆ ಒಂದೂ ಉಳೀಬಾರದು ಅಂತ ಡಾಕ್ಟರು ಫೋನು ಮಾಡಿದ್ರು. ಈ ತೊಟ್ಟಿಗೇ ಸುರಿದೆ."

"ಒಂದೇ ದಿನಕ್ಕೆ?"

"ಡಬ್ಬದೊಳಗಿನ ಚೀಟೀಲಿ ಇತ್ತು ಮೇಡಂ, ತಟ್ಟನೆ ನಿಲ್ಲಿಸಬಾರದು ಅಂತ. ನಾನು ಕೇಳಿದೆ. ಡಾಕ್ಟರು ಯಾರು, ನೀನೋ ನಾನೋ ಅಂದ್ರು."

ಓದಿದ್ದ. ಓದಿಯೂ ಸುರಿದಿದ್ದ.

ಮಾತ್ರೆ ನಿಂತ ಐದನೇ ದಿನ ಬೆಳಿಗ್ಗೆ ಆ ಹೆಣ್ಣುಮಗಳು ಇದೇ ಬಾಗಿಲಿಗೆ ಬಂದಿದ್ದಳಂತೆ. ಎರಡು ದಿನದಿಂದ ಜ್ವರ, ನೀರು ಕುಡಿದರೂ ವಾಂತಿ, ಕಣ್ಣು ಕತ್ತಲೆ. ಬೀರುವಿನಿಂದ ಉಪ್ಪುಸಕ್ಕರೆಯ ಪುಡಿ ತೆಗೆದು ಬಾಯಿಗೆ ಹಾಕಿಕೊಂಡು ನೆಕ್ಕಿದ್ದಳಂತೆ, ಉಪ್ಪು ಬೇಕು ಉಪ್ಪು ಬೇಕು ಎಂದು. ಮಾವ, ಒಂದೇ ಒಂದು ಬಲದ ಮಾತ್ರೆ ಕೊಡಿ ಅಂದಳು. ಎಲ್ಲಿಂದ ಕೊಡಲಿ? ಡಾಕ್ಟರಿಗೆ ಫೋನು ಮಾಡಿದರೆ, ಟೆನ್ಷನ್, ಹೋಗಿ ಕೆಲಸ ಮಾಡು ಅನ್ನು ಅಂದರು. ಅವಳು ಗೋಡೆ ಹಿಡಿದುಕೊಂಡು ಸಾಲಿಗೆ ಹೋದಳು. ಮುಕ್ಕಾಲು ಗಂಟೆಗೆ ಬಿದ್ದಳು.

"ಟೆನ್ಷನ್ ತಡೆಯೋ ಶಕ್ತೀನೇ ನೀವಿಬ್ಬರೂ ಅವಳ ಮೈಯಿಂದ ಕಿತ್ಕೊಂಡ್ರಿ" ಎಂದಳು ಇನ್‌ಸ್ಪೆಕ್ಟರಮ್ಮ. ಮಾತು ಹಲ್ಲುಗಳ ನಡುವಿನಿಂದ ಬಂತು. "ಹದಿನಾಲ್ಕು ತಿಂಗಳು ಒಲೆ ಆರಿಸಿಟ್ರಿ, ಆಮೇಲೆ ಅನ್ನಾನೂ ಕಿತ್ಕೊಂಡ್ರಿ. ಅವಳು ಬಂದು ನಿನ್ನ ಬಾಗಿಲಲ್ಲಿ ಉಪ್ಪು ನೆಕ್ಕಿದ್ಲು. ನೀನು ನೋಡ್ತಾ ನಿಂತೆ. ಮೊನ್ನೆ ನನ್ನ ಮುಂದೆ ಕಣ್ಣೀರು ಬೇರೆ."

ಮುದುಕ ಮುಖ ಮುಚ್ಚಿಕೊಂಡ. ಅವಳು ಬಿಡಲಿಲ್ಲ. ಇನ್ನೂ ಒಂದು ಎಳೆ ಸಿಕ್ಕಿರಲಿಲ್ಲ. ಯಾರ ಕೈಗೂ ಕೊಡದ ಮಾತ್ರೆ ಅವಳ ಗಂಡನ ಜೇಬಿಗೆ ಬಂದದ್ದು ಹೇಗೆ?

ಅದು ತನ್ನದೇ ತಪ್ಪು ಎಂದ ಮುದುಕ. ಅವಳ ಗಂಡನಿಗೆ ಮೂಟೆ ಹೊತ್ತು ಹೊತ್ತು ದಮ್ಮು ಹಿಡಿದಿತ್ತು. ರಾತ್ರಿಯೆಲ್ಲ ಕೂತೇ ಉಸಿರಾಡುತ್ತಾರೆ ಮಾವ, ನೋಡೋಕಾಗಲ್ಲ ಎಂದು ಅವಳು ದಿನಾ ಅತ್ತಳು. ಕರುಳು ಕೇಳಲಿಲ್ಲ. ಕದ್ದುಮುಚ್ಚಿ ದಿನಕ್ಕೊಂದರಂತೆ ಕಾಗದದಲ್ಲಿ ಸುತ್ತಿ ಕೊಡುತ್ತಾ ಬಂದ. ಒಂದು ವರ್ಷವೇ ಆಯಿತು. ಡಬ್ಬ ಸುರಿಯುವ ಹಿಂದಿನ ದಿನ ಹತ್ತು ಮಾತ್ರೆ ಒಟ್ಟಿಗೆ ಕೊಟ್ಟಿದ್ದ, ಇನ್ನು ಸಿಗುತ್ತೋ ಇಲ್ಲವೋ ಎಂದು.

ಇನ್‌ಸ್ಪೆಕ್ಟರಮ್ಮ ಬೆರಳು ಮಡಿಸಿ ದಿನ ಎಣಿಸಿದಳು.

ಹಾಗಾದರೆ ಮನೆಯಲ್ಲಿ ಮಾತ್ರೆ ಇತ್ತು. ಹೆಂಡತಿ ವಾಂತಿ ಮಾಡಿಕೊಂಡು ನೆಲಕ್ಕೆ ಬಿದ್ದು ಹೊರಳಾಡುವಾಗ ಮನೆಯಲ್ಲಿ ಐದು ಮಾತ್ರೆ ಇದ್ದವು. ಗಂಡ ಅವನ್ನು ಅವಳ ಬಾಯಿಯ ಹತ್ತಿರ ಹಿಡಿದಿದ್ದ. ನುಂಗು, ನುಂಗು ಅಂದ್ರೆ ನುಂಗು. ಅವಳು ನುಂಗಲಿಲ್ಲ. ಅವನ ಉಸಿರಿಗೆ ಬೇಕು ಎಂದು ಅವನಿಗೇ ಉಳಿಸಿದಳು, ಮಾರನೇ ದಿನ ಬಂದು ಇಲ್ಲಿ ಕೈಯೊಡ್ಡಿದಳು. ಪಕ್ಕದ ಮನೆಯವರು ಗೋಡೆಗೆ ಕಿವಿ ಹಚ್ಚಿ ಕೇಳಿಸಿಕೊಂಡದ್ದು ಆ ಜಗಳವನ್ನು. ಅದಕ್ಕೆ ಕೊಲೆ ಅಂದವಳು ತಾನು.

ಆಗ ಅವಳಿಗೆ ಇನ್ನೊಂದು ಹೊಳೆಯಿತು.

ಒಂದು ವರ್ಷ, ದಿನಕ್ಕೊಂದು. ಅವನ ಒಲೆಯೂ ಆರಿದೆ.

ಬಂಧಿಸಿದ ದಿನ ಪೊಟ್ಟಣದಲ್ಲಿ ನಾಲ್ಕು ಉಳಿದಿದ್ದವು. ಆ ನಾಲ್ಕನ್ನೂ ಕಿತ್ತುಕೊಂಡು ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳಿಸಿದ್ದು ತಾನೇ. ಅವನು ಎರಡು ಸಲ ಕಂಬಿ ಹಿಡಿದುಕೊಂಡು ಕೇಳಿದ್ದ, ನನ್ನ ಮಾತ್ರೆ ಕೊಡಿ ಮೇಡಂ, ಇಲ್ಲದಿದ್ರೆ ಆಗಲ್ಲ ಎಂದು. ಅವಳು ತಿರುಗಿಯೂ ನೋಡಿರಲಿಲ್ಲ. ಹೆಂಡತಿ ಸತ್ತ ಸಂಕಟ, ಲಾಕಪ್ಪಿನ ತಣ್ಣನೆ ನೆಲ, ವಿಚಾರಣೆಯ ಬೆದರಿಕೆ. ಮೂರು ದಿನ.

ಅವಳು ಫೋನು ತೆಗೆದು ಸ್ಟೇಷನ್ನಿಗೆ ಮಾಡಿದಳು. ನಾಲ್ಕನೇ ಸಲಕ್ಕೆ ಹೆಡ್ ಕಾನ್‌ಸ್ಟೇಬಲ್ ಎತ್ತಿದ. ನಾನೇ ಮಾಡೋಣ ಅಂತಿದ್ದೆ ಮೇಡಂ ಎಂದು ಶುರುಮಾಡಿದ. ಲಾಕಪ್ಪಿನಲ್ಲಿದ್ದವನು ಬೆಳಿಗ್ಗೆಯಿಂದ ವಾಂತಿ ಮಾಡುತ್ತಿದ್ದ, ನಾಟಕ ಅಂದುಕೊಂಡು ಬಿಟ್ಟಿದ್ದರು. ಈಗ ಕರೆದರೆ ಓಗೊಡುತ್ತಿಲ್ಲ, ಮೈ ತಣ್ಣಗಿದೆ, ನಾಡಿ ಕೈಗೇ ಸಿಗುತ್ತಿಲ್ಲ. ಆಂಬುಲೆನ್ಸಿಗೆ ಹೇಳಿದ್ದಾಯಿತು, ಇಪ್ಪತ್ತು ನಿಮಿಷ ಅನ್ನುತ್ತಾರೆ.

"ಆದ್ರೆ ಗಾಬರಿ ಬೇಡ ಮೇಡಂ. ಪುಣ್ಯಕ್ಕೆ ಡಾಕ್ಟರು ಬಂದಿದ್ದಾರೆ."

"ಯಾವ ಡಾಕ್ಟರು?"

"ಅದೇ, ಶೂ ಫ್ಯಾಕ್ಟರಿ ಡಾಕ್ಟರು. ಅವರಾಗೇ ಬಂದ್ರು. ಇಂಜೆಕ್ಷನ್ ತುಂಬಿಸ್ಕೊಂಡು ಪಕ್ಕದಲ್ಲಿ ಕೂತಿದ್ದಾರೆ, ಒಂದು ಸೂಜಿ ಬಿದ್ರೆ ಎದ್ದು ಕೂರ್ತಾನೆ ಅಂತಿದ್ದಾರೆ."

ಅವಳು ಮುದುಕನ ಕಡೆ ತಿರುಗಿದಳು. ಗಂಡನೂ ಮಾತ್ರೆ ತಿನ್ನುತ್ತಿದ್ದ ಅನ್ನುವುದು ಡಾಕ್ಟರಿಗೆ ಗೊತ್ತೇ ಎಂದು ಕೇಳಿದಳು. ಗೊತ್ತು, ನಿನ್ನೆ ಭಯವಾಗಿ ನಾನೇ ಹೇಳಿಬಿಟ್ಟೆ ಎಂದ ಮುದುಕ. ಡಾಕ್ಟರು ಬೈಯಲಿಲ್ಲವಂತೆ. ಅವನ ರಕ್ತ ಯಾರೂ ಪರೀಕ್ಷೆ ಮಾಡಿಲ್ಲ ತಾನೆ ಎಂದಷ್ಟೇ ಕೇಳಿದರಂತೆ.

"ಅವನನ್ನ ಉಳಿಸೋಕೆ ಹೋಗಿದ್ದಾನಾ, ಮುಗಿಸೋಕೆ ಹೋಗಿದ್ದಾನಾ?"

"ನನಗೆ ಗೊತ್ತಿಲ್ಲ ಮೇಡಂ" ಎಂದ ಮುದುಕ. "ಉಳಿಸೋ ಮದ್ದೂ ಅವರ ಚೀಲದಲ್ಲೇ ಇರತ್ತೆ."

ಅವಳು ಫೋನಿಗೆ ಬಾಯಿ ಹಚ್ಚಿ, ಸೀಸೆಯ ಮೇಲೆ ಏನು ಬರೆದಿದೆ ಓದು ಎಂದಳು. ಸೀಸೆ ಒಡೆದು ಡಾಕ್ಟರು ಜೇಬಿಗೆ ಹಾಕಿಕೊಂಡರು ಎಂದ ಹೆಡ್ ಕಾನ್‌ಸ್ಟೇಬಲ್. ಕಿತ್ತುಕೋ ಅಂದಳು. ಆಚೆಯಿಂದ ಡಾಕ್ಟರ ದನಿ ಕೇಳಿಸಿತು, ನಿಧಾನವಾಗಿ, ಮಕ್ಕಳಿಗೆ ಪಾಠ ಹೇಳುವ ಹಾಗೆ.

"ನಿಮ್ಮ ಮೇಡಂಗೆ ಹೇಳಿ, ನೀವು ಜೇಬು ತಡಕಾಡೋ ಅಷ್ಟು ಹೊತ್ತು ಈತ ಇರಲ್ಲ. ಹಾಕ್ಲಾ, ಎದ್ದು ಹೋಗ್ಲಾ?"

ಆ ಮಾತು ಸುಳ್ಳಾಗಿರಲಿಲ್ಲ. ಸೂಜಿಯಲ್ಲಿ ಸರಿಯಾದ ಮದ್ದಿದ್ದರೆ, ಬೇಡ ಅಂದರೆ ಅವನನ್ನು ಕೊಂದವಳು ತಾನು. ಬೇರೇನಾದರೂ ಇದ್ದರೆ, ಹಾಕಿ ಅಂದರೂ ಕೊಂದವಳು ತಾನೇ.

"ಮೇಡಂ, ಉಸಿರು ಎಳೀತಿದೆ" ಎಂದ ಹೆಡ್ ಕಾನ್‌ಸ್ಟೇಬಲ್. "ಸೂಜಿ ತೋಳಿಗೆ ತಾಗಿಸಿದ್ದಾರೆ. ಹಾಕಿ ಅನ್ನಲಾ, ಬೇಡ ಅನ್ನಲಾ?"